ಹಗ್ಗದಾಚೆಯ ಚರಗ

ಸತ್ತವರ ದನಿ ಕೇಳಿಸಿತು ಎಂದು ಯಾರಾದರೂ ಹೇಳಿದರೆ ನಾನು ಎದ್ದು ಹೋಗುತ್ತಿದ್ದೆ. ನಾನು ಗೌಂಡಿ. ಗೋಡೆ ನೆಟ್ಟಗಿದೆಯೋ ಇಲ್ಲವೋ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡುವವನು. ಆದರೂ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದೇನಿಲ್ಲ.

ನಾವು ವಿಜಯಪುರದ ಕಡೆಯಿಂದ ಗೋವಾಕ್ಕೆ ಬಂದು ಚಿಂಬಲ್‌ನಲ್ಲಿ ನೆಲೆಸಿದವರು. ಒಬ್ಬಳೇ ಮಗಳು ಅರಣ್ಯಶಾಸ್ತ್ರದಲ್ಲಿ ಪಿಎಚ್‌.ಡಿ.ಗೆ ಸೇರಿದಾಗ ನನ್ನ ಹೆಂಡತಿ ಕಾಶವ್ವ ಓಣಿಗೆಲ್ಲ ಸಕ್ಕರೆ ಹಂಚಿದಳು. ಡಾಕ್ಟರಾದ ಮೇಲೆ ಮೊದಲು ತನ್ನ ಮೊಣಕಾಲು ನೋಡಲಿ ಎಂದಳು ಪಕ್ಕದ ಮನೆಯಾಕೆ.

"ಆಕಿ ಗಿಡದ ಡಾಕ್ಟರ್ ಆಗಾಕತ್ತಾಳವಾ. ನಿನ್ನ ಕಾಲಿಗೆ ಬೇರು ಬಿಟ್ಟ ಮ್ಯಾಲೆ ಬಾ," ಎಂದಳು ಕಾಶವ್ವ.

ಗಣಿ ನಿಂತ ಜಾಗದಲ್ಲಿ ಕಾಡು ತಾನಾಗಿ ಹೇಗೆ ಮರಳಿ ಬರುತ್ತದೆ ಎಂಬುದು ಮಗಳ ಅಧ್ಯಯನ. ಹಗ್ಗ ಕಟ್ಟಿ ಗುರುತು ಮಾಡಿದ ನೆಲದಲ್ಲಿ ಅವಳು ಗಿಡಗಳನ್ನು ಅಳೆಯುತ್ತಿದ್ದಳು. ಅದನ್ನು ನೋಡಿ ಕಾಶವ್ವ, "ನಮಗ ಹೊಲ ಇರಲಿಲ್ಲ. ಈಗ ಬಂತಲ್ರೀ," ಎಂದಳು. ಊರಲ್ಲಿ ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಂತೆ ಇಲ್ಲಿಗೂ ಸಜ್ಜೆ ಕಡುಬು, ಅನ್ನ, ಪಲ್ಯ ಕಲಸಿ ಒಯ್ಯುವುದು ಶುರುವಾಯಿತು. ಹಗ್ಗದೊಳಗೆ ಒಂದು ಅಗುಳೂ ಬೀಳಬಾರದು ಎಂಬುದು ಮಗಳ ಆಜ್ಞೆ. ನಾನು "ಹುಲ್ಲುಲ್ಲಿಗೋ" ಎಂದು ಕೂಗುತ್ತ ಭೂಮಿತಾಯಿಗೆ ಚೆಲ್ಲಿದರೆ, ಹಿಂದಿನಿಂದ ನೀರು ಚಿಮುಕಿಸುತ್ತ ಕಾಶವ್ವ "ಚಲ್ಲಾಂಬ್ರಿಗೋ" ಎನ್ನುತ್ತಿದ್ದಳು. ಕೊನೆಯಕ್ಷರ ಎಳೆದು, ತನ್ನ ದನಿಗೆ ತಾನೇ ನಗುತ್ತಿದ್ದಳು.

ಅವಳು ಜ್ವರದಲ್ಲಿ ತೀರಿಕೊಂಡ ವರ್ಷ ಮಗಳು ಓದು ಬಿಡುತ್ತೇನೆಂದಳು. ಕೊನೆಯ ಅಳತೆಯಷ್ಟೇ ಬಾಕಿ ಇತ್ತು. ನನ್ನ ಮಾತು ನಡೆಯಲಿಲ್ಲ. ಹಗ್ಗ ಬಿಚ್ಚಿಕೊಂಡು ಬರಲು ಇಬ್ಬರೂ ಹೋದ ದಿನ ಎಳ್ಳ ಅಮಾವಾಸ್ಯೆಯಾಗಿತ್ತು. ನಾನು ಬುತ್ತಿ ಕಟ್ಟಿಕೊಂಡಿದ್ದೆ.

ಒಳ್ಳೆಯ ಬಿಸಿಲು. ಚರಗ ಚೆಲ್ಲಿ ಕೂಗಿದೆ. ಬೆನ್ನ ಹಿಂದಿನಿಂದ ಉತ್ತರ ಬಂತು, ಕೊನೆಗೆ ಆ ನಗುವೂ. ಮಗಳಾದರೂ ತಾಯಿಯ ಪಾಲು ಕೂಗಿದಳಲ್ಲ ಎಂದು ಸಮಾಧಾನವಾಯಿತು. ಆದರೆ ಮಗಳು ನನ್ನ ಎದುರಿಗೆ, ದೂರದ ಮೂಲೆಯಲ್ಲಿ ಹಗ್ಗದ ಗಂಟು ಬಿಚ್ಚುತ್ತ ಕುಳಿತಿದ್ದಳು. ಅವಳ ಕೈ ನಿಂತಿತ್ತು.

"ಅಪ್ಪಾ, ಅವ್ವ ಅಂದಂಗಾತಲ್ಲ?" ಎಂದಳು.

ತಿರುಗಿ ನೋಡಿದೆ. ಕೆಂಪು ಮಣ್ಣು, ಎಳೆಯ ಗಿಡಗಳು, ಅಷ್ಟೇ. ಮಗಳು ಬಿಚ್ಚಿದ ಗಂಟನ್ನು ಮತ್ತೆ ಕಟ್ಟಿ, ಚೀಲದಿಂದ ಅಳತೆಯ ಟೇಪು ತೆಗೆದಳು.

ಈಗ ಅವಳ ಹೆಸರಿನ ಮುಂದೆ ಡಾಕ್ಟರ್ ಎಂದಿದೆ. ನಾನು ಕಟ್ಟಿದ ಯಾವ ಮನೆಯನ್ನೂ ಅಷ್ಟು ಹೆಮ್ಮೆಯಿಂದ ಜನರಿಗೆ ತೋರಿಸಿಲ್ಲ. ಆ ದನಿ ಗುಡ್ಡದ ಮಾರ್ದನಿ ಇರಬಹುದೆಂದು ಎಷ್ಟೋ ಸಲ ಯೋಚಿಸಿದ್ದೇನೆ. ಆದರೆ ಮಾರ್ದನಿ ನನ್ನ ಮಾತನ್ನೇ ಹೇಳಬೇಕಿತ್ತಲ್ಲ.

ಪ್ರತಿ ಎಳ್ಳ ಅಮಾವಾಸ್ಯೆಗೂ ಹೋಗುತ್ತೇವೆ. ನೀರಿನ ತಂಬಿಗೆ ಈಗ ಮಗಳ ಕೈಯಲ್ಲಿ. ನಾನು ಕೂಗುತ್ತೇನೆ. ಅವಳು ಕೂಡಲೇ ಉತ್ತರ ಕೊಡುವುದಿಲ್ಲ. ಮೊದಲು ಇಬ್ಬರೂ ಗಿಡಗಳ ಕಡೆ ಕಿವಿಗೊಡುತ್ತೇವೆ.