ಚಹಾಕ್ಕೆ ಒಂದು ಚಿಟಿಕೆ ಉಪ್ಪು

ಮೊನ್ನೆ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದು ಕೂತಿದ್ದೆ. ಅವರು ಲವಂಗದ ಎಣ್ಣೆಯಲ್ಲಿ ಅದ್ದಿದ ಹತ್ತಿಯನ್ನು ಹತ್ತಿರ ತಂದದ್ದೇ ತಡ, ಹಲ್ಲುನೋವು ಮರೆತುಹೋಯಿತು. ಸದಾ ಬಾಯಲ್ಲೊಂದು ಲವಂಗ ಇಟ್ಟುಕೊಂಡು ಮುಂಬಯಿಯ ಪರೇಲಿನ ನಮ್ಮ ಚಾಳಿನ ಮೆಟ್ಟಿಲು ಹತ್ತುತ್ತಿದ್ದ ವಿಮೆ ಏಜೆಂಟರು ಎದುರಿಗೇ ಬಂದು ನಿಂತ ಹಾಗಾಯಿತು...

ವಿಜಾಪುರದ ಕಡೆಯವರು. ಚಾಳಿನ ಕನ್ನಡಿಗರಿಗೆಲ್ಲ ಅವರು ‘ವಿಮೆಯವರು’. ನನ್ನ ಗಂಡನ ಬೆನ್ನು ಬಿದ್ದು ಪಾಲಿಸಿ ಮಾಡಿಸಿದ್ದರು. ಸಾವಿನ ಮಾತಾಡಿ ಹೊಟ್ಟೆ ಹೊರೆಯುವ ಮನುಷ್ಯ ಎಂದು ಅವರು ಬಂದಾಗಲೆಲ್ಲ ನಾನು ಒಳಗೇ ಮೂಗು ಮುರಿಯುತ್ತಿದ್ದೆ.

ಎಪ್ಪತ್ತರ ದಶಕದ ಶುರುವಿನಲ್ಲಿ, ಗಿರಣಿಯ ಆಫೀಸಿಗೆ ಹೋಗಿದ್ದ ಗಂಡ ಎದೆನೋವೆಂದು ಕುರ್ಚಿಗೆ ಒರಗಿದವರು ಮತ್ತೆ ಏಳಲಿಲ್ಲ. ಮಗಳು ಇನ್ನೂ ಎದೆಹಾಲಿನ ಕೂಸು. ನನಗೆ ಅಳುವೂ ಬರಲಿಲ್ಲ. ಯಾರು ಏನು ಅಂದರೂ ಹೂಂ ಎನ್ನುತ್ತಿದ್ದೆ. ಹುಬ್ಬಳ್ಳಿಯಿಂದ ಬಂದ ಭಾವನವರು, ಈ ಬಾಡಿಗೆ ಖೋಲಿ ಬಿಟ್ಟುಬಿಡು, ವಿಮೆಯ ಹಣವನ್ನು ನನ್ನ ಎಣ್ಣೆ ಅಂಗಡಿಗೆ ಹಾಕೋಣ, ಕೂಸನ್ನು ಕರೆದುಕೊಂಡು ನಮ್ಮಲ್ಲಿಗೆ ಬಾ ಎಂದರು. ಅದಕ್ಕೂ ಹೂಂ. ಅವರು ಕೆಟ್ಟವರೇನಲ್ಲ, ತಮ್ಮನ ಸಂಸಾರ ಬೀದಿಗೆ ಬೀಳಬಾರದೆಂಬ ಆತುರ. ಆದರೆ ಮುಂಬಯಿಯಲ್ಲಿ ಒಮ್ಮೆ ಬಿಟ್ಟ ಖೋಲಿ ಮತ್ತೆ ಸಿಗುವುದುಂಟೇ?

ಕರ್ಮಗಳೆಲ್ಲ ಮುಗಿದ ಮೇಲೆ ವಿಮೆಯವರು ಬಂದರು. ಭಾವನವರು ತಮ್ಮ ಯೋಚನೆ ಹೇಳಿ, ಅವಳೂ ಒಪ್ಪಿದ್ದಾಳೆ ಎಂದರು. ವಿಮೆಯವರು ನನ್ನತ್ತ ತಿರುಗಿದರು. ಪಕ್ಕದ ಖೋಲಿಯ ಮರಾಠಿ ಹೆಂಗಸು ತಂದಿಟ್ಟ ಚಹಾ ನನ್ನ ಮುಂದೆ ಹಾಗೇ ಇತ್ತು.

“ವೈನಿ, ಚಹಾಕ್ಕ ಒಂದ್ ಚಿಟಿಕಿ ಉಪ್ಪು ಹಾಕ್ಲೇನ್ರಿ?”

“ಹೂಂ.”

ಅವರು ಎದ್ದು ಹೋಗಿ ಉಪ್ಪು ತಂದು, ನನ್ನ ಕಣ್ಣೆದುರೇ ಹಾಕಿ ಕಲಕಿದರು. ನಾನು ಕಪ್ಪನ್ನೆತ್ತಿ ಅರ್ಧ ಕುಡಿದೆ.

“ಈ ಹೂಂ ಮ್ಯಾಲೆ ಸಹಿ ತಗೋಬ್ಯಾಡ್ರಿ,” ಎಂದರು ಭಾವನವರಿಗೆ, ಮೆಲ್ಲಗೆ. “ವರ್ಷಾಂತಿಕ ಆಗೂತನಕ ಮನ್ಯಾಗ ಮದುವಿ-ಮುಂಜಿ ಮಾಡಂಗಿಲ್ಲ ಅಂತೀವಲ್ಲ, ವ್ಯವಹಾರಾನೂ ಹಂಗ ಅಂತ ತಿಳೀರಿ.”

ಮಡಿ-ಆಚಾರದಲ್ಲಿ ಕಟ್ಟುನಿಟ್ಟಾದ ಭಾವನವರು ಅದನ್ನು ಒಪ್ಪಿ ಒಬ್ಬರೇ ಹುಬ್ಬಳ್ಳಿಗೆ ಹೊರಟರು. ವಿಮೆಯ ಹಣ ನನ್ನ ಹೆಸರಿನಲ್ಲಿ ಒಂದು ವರ್ಷದ ಠೇವಣಿಯಾಯಿತು. ಗಿರಣಿಯಿಂದ ಬಂದ ಫಂಡಿನಲ್ಲಿ ಮನೆ ನಡೆಯಿತು.

ಆ ವರ್ಷವೆಲ್ಲ ವಿಮೆಯವರು ಬಂದು ಹೋಗಿ ಮಾಡಿದರು. ಹೊಸ ಪಾಲಿಸಿಯ ಸೊಲ್ಲೇ ಎತ್ತಲಿಲ್ಲ. ಒಮ್ಮೆ ಬ್ಯಾಂಕಿಗೆ ನನ್ನನ್ನೇ ಕಳಿಸಿ ತಾವು ಹೊರಗೆ ಫುಟ್‌ಪಾತಿನಲ್ಲಿ ನಿಂತರು. ಇನ್ನೊಮ್ಮೆ ರೇಷನ್ ಕಾರ್ಡಿನ ಕೆಲಸ ನನ್ನ ತಲೆಗೇ ಕಟ್ಟಿದರು. ಬಂದಾಗಲೆಲ್ಲ ಅದೇ ಉಪ್ಪಿನ ಪ್ರಶ್ನೆ. ಕೆಲವು ಸಲ ಹೂಂ ಎನ್ನುತ್ತಿದ್ದೆ, ಕೆಲವು ಸಲ ಬರೀ ತಲೆಯಾಡಿಸುತ್ತಿದ್ದೆ...

ಒಂದು ಸಂಜೆ ಬಾಡಿಗೆ ವಸೂಲಿಯವನ ಜೊತೆ ಜಗಳಾಡಿ ಆಗಷ್ಟೇ ಒಳಗೆ ಬಂದಿದ್ದೆ. ಮತ್ತೆ ಅದೇ ಪ್ರಶ್ನೆ. ನನಗೆ ರೇಗಿತು.

“ಉಪ್ಪು ಯಾಕ್ರೀ? ಸಕ್ಕರೀನ ಕಮ್ಮಿ ಆಗೇದ.”

ಅವರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು. “ಬರ್ರಿ, ಇನ್ನ ನಿಮ್ಮ ರೊಕ್ಕದ ಮಾತಾಡೂಣು.”

ಖೋಲಿ ಉಳಿಯಿತು. ಟೈಪಿಂಗ್ ಕಲಿತು ಕೆಲಸಕ್ಕೆ ಸೇರಿದೆ, ಮಗಳು ಓದಿದಳು. ಎಂಥೆಂಥ ಲೆಕ್ಕಾಚಾರದವರನ್ನು ಆಮೇಲೆ ಕಂಡಿದ್ದೇನೆ. ದುಃಖದ ಆಳವನ್ನು ಚಿಟಿಕೆ ಉಪ್ಪಿನಲ್ಲಿ ಅಳೆದ ಇನ್ನೊಬ್ಬರನ್ನು ಕಾಣಲಿಲ್ಲ. ನೆನೆದಾಗಲೆಲ್ಲ ಈಗಲೂ ಬೆರಗಾಗುತ್ತದೆ.

ಆ ದಶಕ ಮುಗಿಯುವ ಮೊದಲೇ ಅವರು ತೀರಿಕೊಂಡರು. ವಿಲೆ ಪಾರ್ಲೆಯ ಅವರ ಮನೆಗೆ ಹೋದೆ. ಊರಿನ ಹೊಲ ಮಾರುವ ವಿಷಯ ಆಗಲೇ ಎದ್ದಿತ್ತು, ಅಮ್ಮನೂ ಹೂಂ ಅಂದಿದ್ದಾಳೆ ಎಂದ ದೊಡ್ಡ ಮಗ. ನಾನು ಚಹಾದ ಕಪ್ಪು ಹಿಡಿದು ಆ ತಾಯಿಯ ಪಕ್ಕ ಕೂತೆ. ಉಪ್ಪು ಹಾಕಲೇ ಎಂದೆ. ಹೂಂ ಎಂದರು. ಮಗ ತಲೆ ತಗ್ಗಿಸಿದ. ಅಪ್ಪನ ಪ್ರಶ್ನೆ ಅವನಿಗೆ ಗೊತ್ತಿತ್ತು...

ಮೊನ್ನೆ ಡಾಕ್ಟರು ಹಲ್ಲು ಕಿತ್ತುಬಿಡೋಣವೇ ಎಂದು ಕೇಳಿದರು. ಹೂಂ ಎಂದೆ. ಅದು ಎಂಥ ಹೂಂ ಎಂದು ಪರೀಕ್ಷಿಸಿ ನೋಡುವವರು ಈಗ ಯಾರೂ ಇಲ್ಲ.