ಬಿಚ್ಚದ ಗಂಟಿನ ರುಮಾಲು

ನನ್ನ ಮೊಮ್ಮಗಳ ಮದುವೆ ಗೊತ್ತಾಯಿತು. ಹುಡುಗ ಭಾಲ್ಕಿಯವನು. ಎರಡನೆಯ ಇಯತ್ತೆ ಕಲಿತವಳು ನಾನು, ಬರೆಯುವ ಕೈಯಲ್ಲ. ಆದರೆ ಈ ಸಂತೋಷ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಬೀದರಿನಲ್ಲಿ ಅವಳದೊಂದು ಹೊಲಿಗೆ ಅಂಗಡಿ. ಅದೇ ಒಂದು ಅಂಗಿ ಹಿಡಿದು ಆ ಹುಡುಗ ಮತ್ತೆ ಮತ್ತೆ ಬಂದನಂತೆ, ತೋಳು ಉದ್ದಾಯಿತು, ತೋಳು ಗಿಡ್ಡಾಯಿತು ಎಂದು. ಅದನ್ನು ಕೇಳಿದ್ದೇ ತಡ, ಮನೆಯಲ್ಲಿ ಎಲ್ಲರಿಗಿಂತ ಮೊದಲು ಹೂಂ ಎಂದವಳು ನಾನೇ. ಇಂಥ ಗಿರಾಕಿಯ ಕತೆ ನನಗೆ ಮೊದಲೇ ಗೊತ್ತಿತ್ತು...

ಇವತ್ತು ಮುಂಜಾನೆ ನನ್ನ ಮದುವೆಯ ಸೀರೆ ನೋಡಲೆಂದು ಅವಳು ಟ್ರಂಕು ತೆರೆದಳು. ಬೇವಿನೆಲೆಯ ವಾಸನೆ, ಅದರೊಳಗೆ ಕುಸುಬಿ ಹೂವಿನ ಬಣ್ಣದ ಹುಳಿ ವಾಸನೆ. ಸೀರೆಯ ಕೆಳಗೆ ತಲೆಗೆ ಸುತ್ತುವ ಕೆಂಪು ರುಮಾಲು. ಅದರ ಮೂಲೆಯಲ್ಲಿ ದಾರ ಬಿಗಿದ ಗಂಟು.

“ಆಯಿ, ಇದೇನ್ ಗಂಟು? ಬಿಚ್ಚಲೇನು?”

“ಬ್ಯಾಡ,” ಎಂದೆ. ನನ್ನ ಧ್ವನಿ ನನಗೇ ಗಡುಸಾಗಿ ಕೇಳಿಸಿತು. ಆಮೇಲೆ ಅವಳನ್ನು ಹತ್ತಿರ ಕೂರಿಸಿಕೊಂಡು ಎಲ್ಲ ಹೇಳಿದೆ.

ಔರಾದದಲ್ಲಿ ನಮ್ಮ ತವರುಮನೆಯ ಗೋಡೆಗೆ ಹೊಂದಿದ ಮನೆಯಲ್ಲಿ, ಬಟ್ಟೆಗೆ ಬಣ್ಣ ಹಾಕುವ ಖಾಲಾ ಇದ್ದಳು. ಯಾರ ಬಟ್ಟೆಯೇ ಇರಲಿ, ಮೂಲೆಯಲ್ಲಿ ಗಂಟು ಬಿಗಿದೇ ಹಂಡೆಗೆ ಇಳಿಸುವಳು. ಬಣ್ಣವಾದ ಮೇಲೆ ಬಟ್ಟೆಯ ಧಣಿಯೇ ಬಂದು ಅದನ್ನು ಬಿಚ್ಚಬೇಕು. ಒಳಗೆ ಕಾಳಿನಷ್ಟು ಬಿಳಿ ಉಳಿದಿರುತ್ತಿತ್ತು. ಅವಳ ಗಂಡ ಟಾಂಗಾ ಹೊಡೆಯುತ್ತಿದ್ದ, ನಮಗೆಲ್ಲ ಚಾಚಾ. ಹರೆಯದಲ್ಲಿ ಅವನು ಇದೇ ರುಮಾಲನ್ನು ಬೂದಿ ಹಚ್ಚಿ ತಿಕ್ಕಿ, ಬಣ್ಣ ಕಳೆದು, ಸರಿ ಕೂತಿಲ್ಲವೆಂದು ಮತ್ತೆ ಮತ್ತೆ ಅವಳ ಹತ್ತಿರ ತರುತ್ತಿದ್ದನಂತೆ.

“ಬಣ್ಣ ಛಲೋನೇ ಇರ್ತಿತ್ತು ಬೇಟಿ. ಅವರ ಕಣ್ಣೇ ಸರಿ ಇರ್ಲಿಲ್ಲ,” ಎಂದು ಖಾಲಾ ನಗುವಳು.

“ಈಗೂ ಸರಿ ಇಲ್ಲ,” ಎನ್ನುವನು ಚಾಚಾ. “ಇದ್ದಿದ್ರ ನೀ ಸುಟ್ಟ ಕರಕ್ ರೊಟ್ಟಿ ತಿಂತಿದ್ನೇನು?”

ಆಮೇಲೆ ರಜಾಕಾರರ ಕಾಲ ಬಂತು. ನನಗೆ ಗೊತ್ತಾಗಿದ್ದ ವರ ಭಾಲ್ಕಿ ಬಿಟ್ಟು ನಿಜಾಮನ ಸರಹದ್ದು ದಾಟಿದರು, ಮದುವೆ ನಿಂತಿತು. ರಜಾಕಾರರು ನಮ್ಮ ಓಣಿಗೆ ನುಗ್ಗಿದ ದಿನ ಖಾಲಾ ನಮ್ಮನ್ನೆಲ್ಲ ತನ್ನ ಮನೆಯಲ್ಲಿ ಕೂರಿಸಿ, ಹೊಸ್ತಿಲಲ್ಲಿ ತಾನು ನಿಂತಳು. ಮುಂದೆ ಪೊಲೀಸ್ ಆಕ್ಷನ್ ಆಯಿತು, ರಜಾಕಾರರು ಓಡಿದರು. ವರ ಭಾಲ್ಕಿಗೆ ಮರಳಿದರು, ಮದುವೆ ಮತ್ತೆ ಕೂಡಿಬಂತು. ನಮ್ಮ ಮನೆಯ ಭಯ ಹೋಯಿತು... ಹೋಗಿ ಗೋಡೆಯ ಆಚೆ, ಖಾಲಾಳ ಮನೆಯಲ್ಲಿ ಕೂತಿತು.

ವರನನ್ನು ಕರೆತರಲು ಯಾವ ಟಾಂಗಾದವನೂ ಒಪ್ಪದಿದ್ದಾಗ ಚಾಚಾ ಎದ್ದ. ಮದುವೆಗೆಂದು ಖಾಲಾ ಬಣ್ಣ ಹಾಕಿದ ಅವನ ರುಮಾಲು ಇನ್ನೂ ಹಸಿಯಿತ್ತು.

“ಹೋಗಬ್ಯಾಡ್ರಿ, ಹಾದಿ ಛಲೋ ಇಲ್ಲ,” ಎಂದಳು ಖಾಲಾ.

“ಆ ಹಾದಿ ಮಂದಿನ್ನೆಲ್ಲ ಕುಂದ್ರಿಸ್ಕೊಂಡು ತಿರುಗೇನಿ. ನನಗ್ಯಾರ್ ಏನ್ ಮಾಡ್ತಾರ? ರುಮಾಲು ಒಣಗಿಸಿಡು. ಬಂದು ಗಂಟು ಬಿಚ್ತೇನಿ, ಮದುವಿಗಿ ಸುತ್ಗೋತೇನಿ.”

ಮರುದಿನ ಸಂಜೆ ವರ ಒಬ್ಬರೇ ನಡೆದು ಬಂದರು. ಊರು ಇನ್ನೊಂದು ಹರದಾರಿ ಇರುವಾಗ ದೂರದಲ್ಲಿ ಕೊಡಲಿ ಹಿಡಿದ ಗುಂಪು ಕಂಡಿತಂತೆ. “ಇಳೀರಿ ಅಳಿಯಂದ್ರ. ನನ್ನ ಸಂಗಟ ಇದ್ರ ನಿಮಗೂ ತ್ರಾಸ್. ಹೊಲದಾಗಿಂದ ಹೋಗ್ರಿ,” ಎಂದು ಚಾಚಾ ಇವರನ್ನು ಇಳಿಸಿದನಂತೆ.

ಹೊತ್ತು ಮುಳುಗುವಾಗ ಕುದುರೆ ತಾನೇ ದಾರಿ ಹಿಡಿದು ಬಂದು ಖಾಲಾಳ ಬಾಗಿಲಲ್ಲಿ ನಿಂತಿತು. ಟಾಂಗಾದಲ್ಲಿ ಯಾರೂ ಇರಲಿಲ್ಲ. ಖಾಲಾ ಕುದುರೆಗೆ ನೀರಿಟ್ಟಳು. ಹಗ್ಗದ ಮೇಲೆ ರುಮಾಲು ಅಲುಗುತ್ತಿತ್ತು...

ಕೆಲವು ದಿನಗಳಲ್ಲಿ ಅವಳ ತಮ್ಮ ಬಂದು ಅವಳನ್ನು ಕರೆದೊಯ್ದ. ಹೊರಡುವಾಗ ರುಮಾಲನ್ನು ನನ್ನ ಕೈಗಿಟ್ಟಳು. “ಅವರು ಬಂದ್ರ ಕೊಡು ಬೇಟಿ. ಗಂಟು ಅವರೇ ಬಿಚ್ಲಿ. ನಾ ಬೀದರಿಗಿ ಹೋಗೇನಂತ ಹೇಳು.”

ಮದುವೆಯಾಗಿ ನಾವೂ ಬೀದರಿಗೆ ಬಂದೆವು. ಓಣಿ ಓಣಿ ಕೇಳಿದೆ. ಹೈದರಾಬಾದಿಗೆ ಹೋದಳೆಂದರು ಕೆಲವರು, ತೀರಿಹೋದಳೆಂದರು ಕೆಲವರು. ಹೊಲದಲ್ಲಿ ಹಾಯ್ದು ಬಂದವರ ಸಂಗಡ ನಾನು ಬಾಳು ಮಾಡಿದೆ. ಅವರೂ ಈಗಿಲ್ಲ. ಚಾಚಾ ಅವರನ್ನು ಇಳಿಸದಿದ್ದರೆ ಈ ಮೊಮ್ಮಗಳೆಲ್ಲಿ, ಈ ಮದುವೆಯೆಲ್ಲಿ?

ಸಂಜೆ ಎಲ್ಲರೂ ಸಾಲಾಗಿ ಊಟಕ್ಕೆ ಕೂತೆವು. ಹುಡುಗನೂ ಬಂದಿದ್ದ, ಅದೇ ಅಂಗಿ ತೊಟ್ಟು. ತೋಳು ಇನ್ನೂ ಗಿಡ್ಡವೇ ಎಂದು ಮನೆಮಂದಿ ಕಾಡಿಸಿ ನಕ್ಕರು. ಮೊಮ್ಮಗಳು ನನ್ನ ಕಡೆ ಬಾಗಿ ಮೆಲ್ಲಗೆ ಕೇಳಿದಳು, “ಆಯಿ, ಆ ರುಮಾಲು ಕೇಳ್ಕೋತ ಯಾರರ ಬಂದಿದ್ರೇನು?”

“ಇನ್ನಾ ಬಂದಿಲ್ಲವ್ವ,” ಎಂದೆ. ಅವಳ ಹೋಳಿಗೆಯ ಮೇಲೆ ತುಪ್ಪ ಬಡಿಸಿದೆ.