ಒಳಗೆ ಬಿಟ್ಟ ಒಂದೂವರೆ ಇಂಚು

ಪದ್ಮನಾಭನಗರದ ಆ ಹೊಲಿಗೆ ಅಂಗಡಿಯಲ್ಲಿ ಮಧ್ಯಾಹ್ನ ಹನ್ನೆರಡಕ್ಕೂ ಟ್ಯೂಬ್‌ಲೈಟ್ ಉರಿಯುತ್ತಿತ್ತು. ಮುನಿಲಕ್ಷ್ಮಮ್ಮ ತುಟಿಗಳ ನಡುವೆ ಕಚ್ಚಿದ್ದ ಎರಡು ಗುಂಡುಪಿನ್ನುಗಳನ್ನು ತೆಗೆದು ಸೆರಗಿನ ಅಂಚಿಗೆ ಚುಚ್ಚಿಕೊಂಡರು. ಫೋನು ಕಿವಿಗೂ ಭುಜಕ್ಕೂ ನಡುವೆ ಸಿಕ್ಕಿಕೊಂಡಿತ್ತು. ಎದುರಿಗೆ ಅರ್ಧ ಹೊಲಿದ ಬ್ಲೌಸ್ ತೊಟ್ಟು, ಕೈಗಳನ್ನು ಪಕ್ಕಕ್ಕೆ ಚಾಚಿ, ಮುಂದಿನ ತಿಂಗಳು ಮದುವೆಯಾಗಲಿದ್ದ ಶೃತಿ ನಿಂತಿದ್ದಳು.

“ಸಾರ್, ಇವತ್ತಾದ್ರೂ ಕಳಿಸ್ತೀರಾ?”

ಆ ಕಡೆ ಇದ್ದವನು ಕಿಟಕಿ ಷೋರೂಮಿನ ಚೈತನ್ಯ. “ಎಲ್ಲಾ ರೆಡಿ ಇದೆ ಮೇಡಂ. ಗಾಜು ಕೂರಿಸೋದೊಂದು ಬಾಕಿ, ಅಷ್ಟೆ. ನಾಳೆ ಪಕ್ಕಾ.”

ಫೋನಿಟ್ಟು ಅವರು ಶೃತಿಯ ತೋಳಿನ ಹೊಲಿಗೆಗೆ ಪಿನ್ನು ಹಾಕಿದರು.

“ಆಂಟಿ, ಉಳಿದ ನಾಲ್ಕು ಬ್ಲೌಸ್ ಯಾವಾಗ ಕೊಡ್ತೀರಾ?”

“ಎಲ್ಲಾ ಆಗಿದೆ ಕಣಮ್ಮ. ಹುಕ್ಸ್ ಹಾಕೋದೊಂದು ಬಾಕಿ. ನಾಳೆ ಬಾ.”

ಶೃತಿ ನಕ್ಕಳು. “ಅವ್ರು ನಿಮಗೆ ಹೇಳಿದ್ದನ್ನೇ ನೀವು ನನಗೆ ಹೇಳ್ತಿದೀರಲ್ಲ ಆಂಟಿ.”

ಮುನಿಲಕ್ಷ್ಮಮ್ಮ ನಗಲಿಲ್ಲ. ಇಪ್ಪತ್ತಾರು ವರ್ಷ ಬ್ಲೌಸ್ ಹೊಲಿದವರಿಗೆ ಆ ಮಾತಿನ ಬೆಲೆ ಗೊತ್ತು. ಹುಕ್ಸ್ ಒಂದೇ ಬಾಕಿ ಎಂದರೆ ಬಟ್ಟೆಗೆ ಇನ್ನೂ ಕತ್ತರಿಯೇ ಬಿದ್ದಿಲ್ಲವೆಂದು ಅರ್ಥ. ಗಾಜು ಒಂದೇ ಬಾಕಿ ಎಂಬ ಮಾತನ್ನು ಅವರು ಒಂಬತ್ತು ದಿನಗಳಿಂದ ಕೇಳುತ್ತಿದ್ದರು.

ಅಂದು ಜೂನ್ ಹತ್ತು. ಮೂವತ್ತಕ್ಕೆ ಈ ಅಂಗಡಿ ಖಾಲಿ ಮಾಡಿಕೊಡಬೇಕು. ಕಟ್ಟಡದ ಮಾಲೀಕರು ಹಳೆಯದನ್ನು ಕೆಡವಿ ನಾಲ್ಕು ಮಹಡಿ ಎಬ್ಬಿಸುತ್ತಾರೆ. ಮುನಿಲಕ್ಷ್ಮಮ್ಮನವರಿಗೆ ಅದರಿಂದ ದುಃಖವೇನೂ ಆಗಿರಲಿಲ್ಲ. ಜರಗನಹಳ್ಳಿಯಲ್ಲಿ ಗಂಡ ಕೆಂಪರಾಜುವಿನ ಪಾಲಿಗೆ ಬಂದ ಇಪ್ಪತ್ತು ಅಡಿಗೆ ಮೂವತ್ತು ಅಡಿಯ ಜಾಗದಲ್ಲಿ ಮನೆ ಏಳುತ್ತಿತ್ತು. ಅದರ ಮುಂದಿನ ಕೋಣೆ ಅವರ ಹೊಲಿಗೆಗೆ. ಮನೆಯ ನಕ್ಷೆಯಲ್ಲಿ ಅವರು ಬೇರೇನನ್ನೂ ಕೇಳಿರಲಿಲ್ಲ. ಅಡುಗೆಮನೆ ಎತ್ತ ಇರಬೇಕು, ದೇವರ ಮೂಲೆ ಯಾವುದು ಎಂಬುದನ್ನೆಲ್ಲ ಕೆಂಪರಾಜುವಿಗೂ ಅವನ ಅಣ್ಣತಮ್ಮಂದಿರಿಗೂ ಬಿಟ್ಟುಕೊಟ್ಟು ಒಂದಕ್ಕೆ ಮಾತ್ರ ಪಟ್ಟು ಹಿಡಿದಿದ್ದರು: ಮುಂದಿನ ಕೋಣೆಯ ಉತ್ತರದ ಗೋಡೆಯಲ್ಲಿ ಪಿಲ್ಲರಿನಿಂದ ಪಿಲ್ಲರಿಗೆ ಆರು ಅಡಿ ಅಗಲ, ಐದು ಅಡಿ ಎತ್ತರದ ಕಿಟಕಿ.

ಟ್ಯೂಬ್‌ಲೈಟ್ ಕೆಳಗೆ ಕಡುನೀಲಿಯೂ ಕಪ್ಪೂ ಒಂದೇ. ರೇಷ್ಮೆಗೆ ದಾರ ಹೊಂದಿಸಬೇಕಾದಾಗಲೆಲ್ಲ ಅವರು ಸೀರೆ ಹಿಡಿದುಕೊಂಡು ರಸ್ತೆಗೆ ಓಡಿಬರುತ್ತಿದ್ದರು. ಬಸ್ಸಿನ ಹೊಗೆ, ಸ್ಕೂಟರುಗಳ ಹಾರನ್ನುಗಳ ನಡುವೆ ಫುಟ್‌ಪಾತಿನಲ್ಲಿ ನಿಂತು ಹದಿನೈದು ರೀಲುಗಳನ್ನು ಸೀರೆಯಂಚಿಗೆ ಹಿಡಿದು ನೋಡುವುದು. ಮಳೆಯಿದ್ದರೆ ಅದೂ ಇಲ್ಲ. ಕಣ್ಣಿನ ಡಾಕ್ಟರು ಎರಡು ವರ್ಷಗಳಲ್ಲಿ ಎರಡು ಸಲ ಕನ್ನಡಕದ ನಂಬರು ಏರಿಸಿದ್ದರು. ಮೂರನೆಯ ಸಲ ಹೋದಾಗ, “ಬೆಳಕಲ್ಲಿ ಕೂತು ಕೆಲಸ ಮಾಡಿ, ಇಲ್ಲಾಂದ್ರೆ ಕೆಲಸ ಬಿಡಿ” ಎಂದಿದ್ದರು.

ಗೋಡೆ, ಲಿಂಟಲ್, ತಾರಸಿಯ ಮೋಲ್ಡು ಎಲ್ಲವೂ ಹೇಳಿದ ದಿನಕ್ಕೆ ಆದವು. ಕಿಟಕಿಗಳಲ್ಲಿ ಕೆಲಸ ನಿಂತಿತು. ಮರದ್ದು ಬೇಡ, ಗೆದ್ದಲು ಎಂದು ಎಲ್ಲರೂ ಹೇಳಿದ್ದರಿಂದ ಕನಕಪುರ ರಸ್ತೆಯ ಷೋರೂಮಿನಲ್ಲಿ ಏಳು ಯುಪಿವಿಸಿ ಪ್ಲಾಸ್ಟಿಕ್ ಕಿಟಕಿಗಳಿಗೆ ಮುಂಗಡ ಕೊಟ್ಟಾಗಿತ್ತು. ಅಳತೆಗೆ ಯಾವಾಗ ಬರುತ್ತೀರಿ ಎಂದು ಮಾರ್ಚಿನಲ್ಲಿ ಕೇಳಿದ್ದಕ್ಕೆ ಚೈತನ್ಯ, “ಪ್ಲಾಸ್ಟರಿಂಗ್ ಮುಗಿದ್ಮೇಲೆ ಮೇಡಂ. ಹಸಿ ಗೋಡೆಗೆ ನಮ್ಮ ಟೆಕ್ನಿಷಿಯನ್ ಟೇಪು ಇಡಲ್ಲ” ಎಂದಿದ್ದ.

ಅದನ್ನು ಮೇಸ್ತ್ರಿ ಗುಂಡಣ್ಣನಿಗೆ ತಿಳಿಸಿದಾಗ ಅವನು ಬೀಡಿ ಕೆಳಗಿಟ್ಟ.

“ಅಕ್ಕ, ಫ್ರೇಮ್ ನಿಲ್ಲಿಸದೆ ನಾನು ಕಿಟಕಿ ಅಂಚು ಕಟ್ಟಲ್ಲ. ಇವತ್ತು ನಾನು ನೀಟಾಗಿ ಗಾರೆ ಬಳೀತೀನಿ, ನಾಳೆ ಅವ್ರು ಬಂದು ಡ್ರಿಲ್ಲು ಹಾಕಿ ಒಡೀತಾರೆ. ಆಮೇಲೆ ‘ಗುಂಡಣ್ಣನ ಕೆಲಸ ನೋಡು, ಬಿರುಕು’ ಅಂತ ನೀವೇ ಅಂತೀರ.”

ಅವನು ಗೋಡೆಗಳಿಗೆಲ್ಲ ಗಾರೆ ಮಾಡಿ ಏಳು ಕಿಟಕಿಗಳ ಸುತ್ತಲೂ ಒಂದೊಂದು ಗೇಣು ಬಿಟ್ಟುಬಿಟ್ಟ. ಅಂಚು ಇಲ್ಲದೆ ಅಳತೆ ಇಲ್ಲ ಎಂದ ಚೈತನ್ಯ. ಚೌಕಟ್ಟು ಇಲ್ಲದೆ ಅಂಚು ಇಲ್ಲ ಎಂದ ಗುಂಡಣ್ಣ. ಇವನ ಮಾತನ್ನು ಅವನಿಗೆ, ಅವನ ಮಾತನ್ನು ಇವನಿಗೆ ಮುನಿಲಕ್ಷ್ಮಮ್ಮ ಫೋನಿನಲ್ಲಿ ಮುಟ್ಟಿಸಿದರು. ಅವರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಒಬ್ಬನ ನಂಬರು ಇನ್ನೊಬ್ಬನಿಗೆ ಕೊಟ್ಟರೆ, “ನೀವೇ ಮಾತಾಡಿ ಮೇಡಂ, ಅವ್ರ ಭಾಷೆ ನಮಗೆ ಅರ್ಥ ಆಗಲ್ಲ” ಎಂದ ಚೈತನ್ಯ. ಗುಂಡಣ್ಣ ಆಡುತ್ತಿದ್ದುದು ಕನ್ನಡವೇ. ಏಪ್ರಿಲ್ ಹೀಗೇ ಕಳೆಯಿತು.

“ಯಾರಾದ್ರೂ ಒಬ್ರು ಅಳತೆ ತಗೊಂಡ್ರೆ ಮುಗೀತಲ್ಲ” ಎಂದು ಕೆಂಪರಾಜು ಒಂದು ಸಂಜೆ ಅಂದ. ಶಾಲೆಯ ವ್ಯಾನು ಓಡಿಸುವ ಅವನಿಗೆ ಜಗತ್ತಿನ ಎಲ್ಲ ಸಮಸ್ಯೆಗಳೂ ಯಾರೋ ಒಬ್ಬರು ಸ್ವಲ್ಪ ಪಕ್ಕಕ್ಕೆ ಸರಿದರೆ ಮುಗಿಯುವಂಥವು. “ನೀನೇ ತಗೊ. ದಿನಾ ಅದೇ ಅಲ್ವ ಮಾಡೋದು.”

ಮೇ ಮೊದಲ ಭಾನುವಾರ ಅವರು ಹೊಲಿಗೆ ಟೇಪು ಹಿಡಿದುಕೊಂಡು ಹೊಸ ಮನೆಗೆ ಹೋದರು. ಟೇಪು ಇದ್ದುದು ಅರವತ್ತು ಇಂಚು, ದೊಡ್ಡ ಕಿಟಕಿ ಎಪ್ಪತ್ತೆರಡು. ಕಿಟಕಿಯ ತಳದ ನಡುವೆ ಇದ್ದಿಲಿನ ಗೆರೆ ಎಳೆದು ಎರಡು ಭಾಗವಾಗಿ ಅಳೆದರು. ಸರಿಯಾಗಿತ್ತೋ ಎಂದು ಇನ್ನೊಮ್ಮೆ ಅಳೆದರು. ಬ್ಲೌಸ್ ಅಳತೆಯ ಪುಸ್ತಕದಲ್ಲೇ ಹೊಸ ಪುಟ ತೆಗೆದು ಏಳು ಕಿಟಕಿಗಳನ್ನೂ ಒಂದರ ಕೆಳಗೊಂದು ಬರೆದರು. ಬರೆಯುವಾಗ ಪ್ರತಿ ಅಗಲಕ್ಕೂ ಪ್ರತಿ ಎತ್ತರಕ್ಕೂ ಒಂದೂವರೆ ಇಂಚು ಸೇರಿಸಿದರು. ಆ ಬಗ್ಗೆ ಯೋಚಿಸಲೂ ಇಲ್ಲ, ಯಾರಿಗೂ ಹೇಳಲೂ ಇಲ್ಲ. ಬ್ಲೌಸಿಗೆ ಒಳಗೆ ಬಟ್ಟೆ ಬಿಡದ ದರ್ಜಿ ದರ್ಜಿಯೇ ಅಲ್ಲ. ಹೆರಿಗೆಯಾಗಿ ಬಂದವರಿಗೆ ಬಿಚ್ಚಿ ದೊಡ್ಡದು ಮಾಡಿಕೊಡಬೇಕು, ಜ್ವರ ಬಂದು ಎದ್ದವರಿಗೆ ಹಿಡಿದು ಚಿಕ್ಕದು ಮಾಡಬೇಕು. ಅಳತೆ ಎಂದರೆ ಮೈಯ ಅಳತೆ, ಅದರ ಮೇಲೆ ಒಂದೂವರೆ. ಅವರ ಕೈಗೆ ಬೇರೆ ಲೆಕ್ಕ ಬರುತ್ತಿರಲಿಲ್ಲ.

ತಿಂಗಳ ಕೊನೆಗೆ ಟಾರ್ಗೆಟ್ ಮುಟ್ಟಬೇಕಿದ್ದ ಚೈತನ್ಯ ಆ ಪುಟದ ಫೋಟೋ ತೆಗೆದುಕೊಂಡ. ಇಂಗ್ಲಿಷಿನಲ್ಲಿ ಅಚ್ಚಾಗಿದ್ದ ಒಂದು ಕಾಗದದ ಕೆಳಗೆ ಸಹಿ ಹಾಕಿಸಿದ.

“ಇದರಲ್ಲಿ ಏನಿದೆ?” ಎಂದು ಕೇಳಿದ್ದರು.

“ಅಳತೆ ನೀವೇ ಕೊಟ್ಟಿದ್ದು ಅಂತ ಮೇಡಂ. ಫಾರ್ಮಾಲಿಟಿ.”

ನಾಳೆ ಎಂದಿದ್ದ ಕಿಟಕಿಗಳು ಜೂನ್ ಹದಿನೇಳಕ್ಕೆ ಬಂದವು. ಟಾಟಾ ಏಸ್‌ನಿಂದ ಇಳಿಸಿದ ಮೂವರು ಕೆಲಸದವರು ಮೊದಲು ದೊಡ್ಡ ಚೌಕಟ್ಟನ್ನೇ ಎತ್ತಿದರು. ಅದು ಕೂರಲಿಲ್ಲ. ಓರೆ ಮಾಡಿ ನೋಡಿದರು, ಕೆಳಗಿಂದ ತಳ್ಳಿ ನೋಡಿದರು. ಅಡುಗೆಮನೆಯದನ್ನು ಎತ್ತಿದರು. ಅದೂ ಕೂರಲಿಲ್ಲ. ಏಳರಲ್ಲಿ ಒಂದೂ ಕೂರಲಿಲ್ಲ. ಗಾರೆಯ ದಪ್ಪವೂ ಸೇರಿದರೆ ದೊಡ್ಡ ಕಿಟಕಿ ಇರಬೇಕಾದ್ದಕ್ಕಿಂತ ಮೂರು ಇಂಚು ಹೆಚ್ಚಿತ್ತು.

ಗುಂಡಣ್ಣ ಗೋಡೆಯ ಬಿಟ್ಟ ಜಾಗವನ್ನು ತನ್ನ ಟೇಪಿನಲ್ಲಿ ಅಳೆದ. ಚೌಕಟ್ಟನ್ನು ಅಳೆದ. ಪುಸ್ತಕ ಈಸಿಕೊಂಡು ನೋಡಿದ.

“ಅಕ್ಕ, ಎಪ್ಪತ್ತೆರಡು ಇರೋದನ್ನ ಎಪ್ಪತ್ಮೂರೂವರೆ ಅಂತ ಯಾಕೆ ಬರ್ದ್ರಿ?”

“ಒಳಗೆ ಬಿಟ್ಟೆ.”

“ಏನು ಬಿಟ್ರಿ?”

“ಒಂದೂವರೆ ಇಂಚು. ಬಿಗಿ ಆಗ್ಬಾರ್ದಲ್ಲ.”

ಗುಂಡಣ್ಣ ತಲೆಗೆ ಕಟ್ಟಿದ್ದ ಟವಲ್ ಬಿಚ್ಚಿ ಮುಖ ಒರೆಸಿಕೊಂಡ. ನಗು ಅದರೊಳಗೆ ಮುಗಿಯಲಿ ಎಂದು ಸ್ವಲ್ಪ ಹೆಚ್ಚು ಹೊತ್ತೇ ಒರೆಸಿಕೊಂಡ. “ಕಿಟಕಿ ದಪ್ಪ ಆಗಲ್ಲ ಅಕ್ಕ. ಅದು ಗೋಡೆಗಿಂತ ಒಂದು ನೂಲು ಕಮ್ಮಿನೇ ಇರ್ಬೇಕು.”

ಬೆಳಿಗ್ಗೆಯ ಟ್ರಿಪ್ ಮುಗಿಸಿ ಬಂದಿದ್ದ ಕೆಂಪರಾಜು ಹೊರಗೆ ಹೋಗಿ ವ್ಯಾನಿನ ಗಾಜು ಒರೆಸತೊಡಗಿದ. ಅಳೆಯುವ ಸಲಹೆ ಯಾರದೆಂದು ಅವನಿಗೆ ನೆನಪಿತ್ತು.

ಚಿಕ್ಕ ಆರು ಕಿಟಕಿಗಳಿಗೆ ದಾರಿಯಿತ್ತು. ಪಕ್ಕದ ಸಾಲಿಡ್ ಬ್ಲಾಕನ್ನೂ ಕೆಳಗಿನದನ್ನೂ ಅಷ್ಟಷ್ಟು ಕೆತ್ತಿದರೆ ಕೂರುತ್ತವೆ, ನಾಲ್ಕು ದಿನದ ಕೆಲಸ. ದೊಡ್ಡದಕ್ಕೆ ಇರಲಿಲ್ಲ. ಅದರ ಎರಡೂ ಬದಿಗೆ ಇದ್ದುದು ಪಿಲ್ಲರು. “ಪಿಲ್ಲರಿಗೆ ಉಳಿ ಹಾಕು ಅಂದ್ರೆ ನಾನು ಸಾಮಾನು ಕಟ್ಕೊಂಡು ಹೋಗ್ತೀನಿ” ಎಂದ ಗುಂಡಣ್ಣ. ಅದು ಬೆದರಿಕೆಯಲ್ಲ, ಸರಿಯಾದ ಮಾತೇ.

ಫೋನಿನಲ್ಲಿ ಚೈತನ್ಯ ಸಹಿಯ ವಿಷಯ ತೆಗೆದ. ಹೊಸ ಚೌಕಟ್ಟು ಬೇಕಾದರೆ ಹೊಸ ಆರ್ಡರು. ಆರ್ಡರಿಗೆ ಟೆಕ್ನಿಷಿಯನ್ ಅಳತೆ. ಅಳತೆಗೆ ಪ್ಲಾಸ್ಟರಿಂಗ್ ಮುಗಿದಿರಬೇಕು. ಗುಂಡಣ್ಣನಿಗೆ ಹೇಳಿದರೆ, ಫ್ರೇಮ್ ಬರಲಿ ಎಂದ. ಮಾರ್ಚಿನಲ್ಲಿ ಎಲ್ಲಿ ನಿಂತಿದ್ದರೋ ಅಲ್ಲಿಗೇ ಬಂದರು. ನಡುವೆ ಮೂರು ತಿಂಗಳು ಹೋಗಿತ್ತು, ಮೂವತ್ತನೇ ತಾರೀಖಿಗೆ ಹದಿಮೂರು ದಿನ ಉಳಿದಿತ್ತು. ತಪ್ಪು ತಮ್ಮದೂ ಹೌದು ಎಂಬುದೇ ಮುನಿಲಕ್ಷ್ಮಮ್ಮನವರನ್ನು ಹೆಚ್ಚು ಉರಿಸುತ್ತಿತ್ತು. ಅಷ್ಟು ದಿನ ಯಾರ ಮೇಲೆ ಸಿಟ್ಟಾಗಬಹುದಿತ್ತೋ ಅವರೆಲ್ಲರಿಗೂ ಈಗ ಒಂದು ಉತ್ತರ ಸಿಕ್ಕಿತ್ತು.

ಮುಂದಿನ ಎರಡು ದಿನ ಫೋನು ಮಾಡುವುದನ್ನು ಬಿಟ್ಟರು. ತಾವೇ ದರ್ಜಿಯಾಗಿ ಕಲಿತಿದ್ದ ಒಂದು ಸಂಗತಿ ಅವರ ತಲೆಯಲ್ಲಿತ್ತು. ಫೋನು ಮಾಡುವ ಗಿರಾಕಿಗೆ ನಾಳೆ ಎನ್ನಬಹುದು. ಬಂದು ಕೇಳಿ ಹೋಗುವವರಿಗೂ ನಾಳೆ ಎನ್ನಬಹುದು. ಸ್ಟೂಲು ಎಳೆದುಕೊಂಡು ಕೂತುಬಿಟ್ಟವರಿಗೆ ಹಾಗೆ ಹೇಳಲಾಗುವುದಿಲ್ಲ. ಎಷ್ಟೇ ಕೆಲಸವಿರಲಿ, ಕೂತವರ ಬ್ಲೌಸೇ ಮೊದಲು ಮುಗಿಯುವುದು.

ಇಪ್ಪತ್ತನೇ ತಾರೀಖು ಹನ್ನೊಂದಕ್ಕೆ ಅವರು ಷೋರೂಮಿಗೆ ಹೋಗಿ, ತೋರಿಕೆಗೆ ಇಟ್ಟಿದ್ದ ಸ್ಲೈಡಿಂಗ್ ಕಿಟಕಿಯ ಎದುರಿನ ಸೋಫಾದಲ್ಲಿ ಕೂತರು. ಚೀಲದಿಂದ ಬ್ಲೌಸು, ಹುಕ್ಸಿನ ಡಬ್ಬಿ, ಸೂಜಿ ದಾರ ತೆಗೆದರು.

“ಮೇಡಂ, ಏನಾದ್ರೂ ಹೇಳ್ಬೇಕಿತ್ತಾ?” ಎಂದ ಚೈತನ್ಯ.

“ಇಲ್ಲಪ್ಪ. ನೀನು ಕೆಲಸ ನೋಡ್ಕೊ. ಇಲ್ಲಿ ಬೆಳಕು ಚೆನ್ನಾಗಿದೆ.”

ಹನ್ನೆರಡೂವರೆಗೆ ಗಂಡ ಹೆಂಡತಿ ಇಬ್ಬರು ಕಿಟಕಿ ನೋಡಲು ಬಂದರು. ಆ ಹೆಂಗಸು ಇವರ ಪಕ್ಕದಲ್ಲೇ ಕೂತು, “ನೀವೂ ಇಲ್ಲೇ ಮಾಡಿಸಿದ್ರಾ? ಹೇಗಿದೆ?” ಎಂದು ಕೇಳಿದಳು.

“ಕಿಟಕಿ ಚೆನ್ನಾಗಿದೆ. ಗೋಡೆಗಿಂತ ದೊಡ್ಡದಾಗಿದೆ” ಎಂದರು ಮುನಿಲಕ್ಷ್ಮಮ್ಮ, ಸೂಜಿಯಿಂದ ಕಣ್ಣೆತ್ತದೆ. “ಇವ್ರು ಅಳತೆಗೆ ಮನೆಗೆ ಬರಲ್ಲ. ಅದೊಂದು ನೋಡ್ಕೊಳ್ಳಿ.”

ಎರಡು ಗಂಟೆಗೆ ಅವರು ಡಬ್ಬಿ ತೆರೆದು ಅಲ್ಲೇ ಚಿತ್ರಾನ್ನ ತಿಂದರು. ಮೂರೂವರೆಯ ಹೊತ್ತಿಗೆ ಚೈತನ್ಯ ಬಂದು ಎದುರಿಗೆ ನಿಂತ. “ಆಂಟಿ, ನಡೀರಿ. ಸೈಟು ನೋಡೇ ಬಿಡೋಣ.” ಅವನು ಮೇಡಂ ಎನ್ನುವುದನ್ನು ಬಿಟ್ಟಿದ್ದು ಅದೇ ಮೊದಲು.

ಜರಗನಹಳ್ಳಿಯ ಮುಂದಿನ ಕೋಣೆಯಲ್ಲಿ ಅವನೂ ಗುಂಡಣ್ಣನೂ ಮೊದಲ ಸಲ ಎದುರಾಬದುರಾದರು. ಬೈದಾಡುತ್ತಾರೆಂದು ಮುನಿಲಕ್ಷ್ಮಮ್ಮ ಕಾದರು. ಇಬ್ಬರೂ ಗೋಡೆಯ ಅಂಚು ಮುಟ್ಟಿ ನೋಡಿದರು. ಟೇಪು ಇಡಲು ಗಾರೆಯ ಅಂಚೊಂದಿದ್ದರೆ ಸಾಕು ಎಂದ ಚೈತನ್ಯ.

“ಇಷ್ಟೇನಾ?” ಎಂದ ಗುಂಡಣ್ಣ. “ನಿಮ್ಮ ಫ್ರೇಮ್ ಬದ್ಲು ನಾನೊಂದು ಮರದ ರೀಪರು ಪಟ್ಟಿಯ ಡಮ್ಮಿ ನಿಲ್ಸಿ ಅಂಚು ಕಟ್ತೀನಿ. ಆಮೇಲೆ ಅದನ್ನ ಕಿತ್ಕೊತೀನಿ. ನೀವು ಡ್ರಿಲ್ಲು ಎಲ್ಲಿ ಹಾಕ್ತೀರ ಅಂತ ಈಗ್ಲೇ ಗುರ್ತು ಮಾಡಿ.”

“ಅದೇ ಸಾಕು ಅಣ್ಣ. ಎಲ್ಲಾ ಸೈಟಲ್ಲೂ ಹಂಗೇ ಮಾಡೋದು.”

“ಮತ್ತೆ ಮೊದ್ಲೇ ಹೇಳ್ಬೇಕಿತ್ತು.”

“ನೀವು ಕೇಳ್ಲಿಲ್ವಲ್ಲ ಅಣ್ಣ.”

ಹತ್ತು ನಿಮಿಷವೂ ಆಗಿರಲಿಲ್ಲ. ಚೈತನ್ಯ ಪೆನ್ಸಿಲಿನಲ್ಲಿ ಗುರುತು ಹಾಕಿದ, ಗುಂಡಣ್ಣ ಅವನಿಗೆ ಟೀ ತರಿಸಿದ. ಮುನಿಲಕ್ಷ್ಮಮ್ಮ ಸಿಮೆಂಟ್ ಮೂಟೆಯ ಮೇಲೆ ಕೂತು ಇಬ್ಬರನ್ನೂ ನೋಡಿದರು. ಬೈಯಬೇಕೆಂದು ಮೂರು ತಿಂಗಳಿಂದ ಕೂಡಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಆ ಹೊತ್ತಿಗೆ ಹೊಂದುವಂತಿರಲಿಲ್ಲ.

“ಹೊಸದು ಎಷ್ಟು ದಿನಕ್ಕೆ ಬರುತ್ತೆ?” ಎಂದಷ್ಟೇ ಕೇಳಿದರು.

“ಅಳತೆ ಆದ ದಿನದಿಂದ ಇಪ್ಪತ್ತೈದು ದಿನ ಆಂಟಿ. ಅದಕ್ಕಿಂತ ಮುಂಚೆ ಫ್ಯಾಕ್ಟರಿಯೋರು ಕೊಡಲ್ಲ. ಸುಳ್ಳು ಹೇಳಲ್ಲ.”

ಟೆಕ್ನಿಷಿಯನ್ ಇಪ್ಪತ್ನಾಲ್ಕರ ಬೆಳಿಗ್ಗೆ ಹನ್ನೊಂದಕ್ಕೆ ಅಳತೆಗೆ ಬರುತ್ತಾನೆ. ದೊಡ್ಡ ಕಿಟಕಿ ಬರುವುದು ಜುಲೈ ಹತ್ತೊಂಬತ್ತಕ್ಕೆ. ಮಳೆ ಶುರುವಾಗಿರುವುದರಿಂದ ಮುಂದಿನ ಕೋಣೆಗೆ ಅಲ್ಲಿಯವರೆಗೆ ಟಾರ್ಪಾಲು ಕಟ್ಟಬೇಕು. ಮೂವತ್ತನೇ ತಾರೀಖು ಅಂಗಡಿಯಿಂದ ಬರುವ ಎರಡು ಹೊಲಿಗೆ ಮಶಿನ್ನುಗಳು ಹಿಂದಿನ ಮಲಗುವ ಕೋಣೆಗೆ ಹೋಗುತ್ತವೆ. ಅಲ್ಲಿಗೆ ಒಂದು ಟ್ಯೂಬ್‌ಲೈಟ್ ಹಾಕಿಕೊಡುವಂತೆ ಎಲೆಕ್ಟ್ರಿಷಿಯನ್‌ಗೆ ಹೇಳಿಯಾಗಿದೆ.